ಅರ್ಧಕ್ಕೆ ನಿಲ್ಲಿಸಿದ ಪದ

ಮೊನ್ನೆ ಭಾನುವಾರ ನರಸೀಪುರದ ನಮ್ಮ ಮನೆಯಲ್ಲಿ ಇಡ್ಲಿ ತಿನ್ನುತ್ತಾ ಕೂತಿದ್ದೆ. ಮೊಮ್ಮಗಳು ಚೈತ್ರ ಬಂದು ತನ್ನ ಫೋನನ್ನು ಚಟ್ನಿ ಬಟ್ಟಲಿಗೆ ಒರಗಿಸಿ ನಿಲ್ಲಿಸಿದಳು. ಅವಳೇ ಬರೆದು ಅವಳೇ ರಾಗ ಹಾಕಿ ಹಾಡಿದ ಹಾಡು. ಚೆನ್ನಾಗಿತ್ತು. ನನ್ನ ಮೊಮ್ಮಗಳು ಎಂದು ಹೇಳುತ್ತಿಲ್ಲ, ನಿಜವಾಗಿಯೂ ಚೆನ್ನಾಗಿತ್ತು. ದನಿ ಮೇಲೇರಿ ಇನ್ನೇನು ಮಾತು ಹೊರಬೀಳಬೇಕು ಅನ್ನುವಾಗ ಹಾಡು ಪಕ್ಕನೆ ನಿಂತುಹೋಯಿತು. ಪೂರ್ತಿ ಹಾಡು ಬೇಕಾದವರು ಇಲ್ಲಿ ಒತ್ತಿ ಎಂಬ ಅಕ್ಷರ ಮೂಡಿತು. ಕರೆಂಟು ಹೋಯಿತೇನೋ ಎಂದು ನಾನು ಫ್ಯಾನಿನ ಕಡೆ ನೋಡಿದೆ.

"ಯಾಕೆ ನಿಂತೋಯ್ತು ಮಗಾ?"

"ನಿಂತಿದ್ದಲ್ಲ ಅಜ್ಜಿ, ನಿಲ್ಸಿದ್ದು. ಮೈಸೂರಲ್ಲಿ ಮಾರ್ಕೆಟಿಂಗ್ ಮಾಡೋರು ಹೇಳ್ಕೊಟ್ರು. ಜನಕ್ಕೆ ತಡ್ಕೊಳಕ್ಕಾಗ್ಬಾರ್ದು, ಅಂಥ ಜಾಗದಲ್ಲಿ ಕಟ್ ಮಾಡ್ಬೇಕಂತೆ. ಕಂಪನಿಗೆ ಕೊಟ್ರೆ ಹಾಡು ಅವರದಾಗ್ಬಿಡುತ್ತೆ. ನಾನೇ ಮಾರ್ಕೊಂಡ್ರೆ ನಂದಾಗೇ ಇರುತ್ತೆ. ಇದೆಲ್ಲ ಹೊಸಾದು, ನಿನಗೆ ಗೊತ್ತಾಗಲ್ಲ ಬಿಡು."

ತುತ್ತು ಗಂಟಲಲ್ಲೇ ಉಳಿಯಿತು. ಚೈತ್ರ ನೀರು ತರಲು ಓಡಿದಳು. ವಯಸ್ಸಾದವಳಿಗೆ ಇಡ್ಲಿ ಸಿಕ್ಕಿಕೊಂಡಿತು ಎಂದುಕೊಂಡಳು, ಪಾಪ. ಆ ಹೊಸಾದನ್ನು ನಾನು ಹನ್ನೊಂದನೆಯ ವಯಸ್ಸಿನಲ್ಲಿ, ಎರಡು ಜಡೆ ಹಾಕಿಕೊಂಡು, ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಮಾಡಿದ್ದೇನೆ ಎಂದು ಅವಳಿಗೆ ನಾನು ಯಾವತ್ತೂ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಅವತ್ತು ಹೇಳಿದೆ.

ನಂಜನಗೂಡಿನಲ್ಲಿ ಕಪಿಲೆ ಹೊಳೆಯ ಕಡೆಗೆ ಇಳಿಯುವ ಬೀದಿಯೊಂದರಲ್ಲಿ ನಮ್ಮ ಮನೆ. ಜಗಲಿ, ನಡುಮನೆ, ಅಡುಗೆಮನೆ, ಹಿತ್ತಿಲು, ಅಷ್ಟೇ. ಬೇರೆಯವರ ನಡುಮನೆಯಲ್ಲಿ ರಾಗಿ ಮೂಟೆ ಇದ್ದರೆ ನಮ್ಮ ನಡುಮನೆಯಲ್ಲಿ ಪುಸ್ತಕದ ಕಟ್ಟುಗಳಿದ್ದವು. ಅಂಗೈ ಅಗಲದ, ಗುಲಾಬಿ ಬಣ್ಣದ ರಟ್ಟಿನ ಪದದ ಪುಸ್ತಕಗಳು, ಅಪ್ಪ ಕಟ್ಟಿದ ಹಾಡುಗಳು. ಗೋಡೆಗೆ ತಾಗಿಸಿದರೆ ಗೆದ್ದಲು, ನೆಲಕ್ಕಿಟ್ಟರೆ ಇಲಿ. ಅದಕ್ಕೇ ಅಪ್ಪ ಅವುಗಳನ್ನು ಗೋಣಿತಾಟಿನಲ್ಲಿ ಸುತ್ತಿ ತೊಲೆಗೆ ಹೊಡೆದಿದ್ದ ಕಬ್ಬಿಣದ ಕೊಂಡಿಗೆ ನೇತುಹಾಕುತ್ತಿದ್ದ. ರಾತ್ರಿ ಊಟಕ್ಕೆ ನಾವು ಮೂರು ಜನ ಆ ಕಟ್ಟಿನ ಕೆಳಗೇ ಕೂರುತ್ತಿದ್ದೆವು. ಉಪ್ಸಾರಿನ ತಟ್ಟೆ ಒಂದು ಕಡೆ, ಮಡಚದೆ ಉಳಿದ ಹಾಳೆಗಳು ಇನ್ನೊಂದು ಕಡೆ. ನಾನು ಮುದ್ದೆ ಅದ್ದುವಾಗ ಒಂದು ತೊಟ್ಟು ಸಾರು ಹಾಳೆಯ ಮೇಲೆ ಬಿದ್ದರೂ ಅಪ್ಪ ಎದ್ದು ನಿಲ್ಲುತ್ತಿದ್ದ. ತಟ್ಟೆ ಮುಂದೆ ಹಾಗೆ ಏಳಬಾರದು ಎಂದು ಅವ್ವ ಗದರುತ್ತಿದ್ದಳು. ಆ ಕೊಂಡಿಯನ್ನು ಮಾತ್ರ ಅವ್ವ ಮುಟ್ಟುತ್ತಿರಲಿಲ್ಲ. ಕಟ್ಟು ಇಳಿಸಬೇಕಾದರೆ ಅಪ್ಪ ಬರುವವರೆಗೂ ಕಾಯುತ್ತಿದ್ದಳು. ಕೈ ಎಟುಕುವುದಿಲ್ಲ ಎಂದು ನಾನು ತಿಳಿದುಕೊಂಡಿದ್ದೆ. ಅವ್ವ ಅಪ್ಪನಿಗಿಂತ ಎತ್ತರ ಇದ್ದಳು. ಆ ವಯಸ್ಸಿನಲ್ಲಿ ಇಂಥದ್ದೆಲ್ಲ ಹೊಳೆಯುವುದಿಲ್ಲ.

ಕವಲಂದೆಯಲ್ಲಿ ದೊಡ್ಡಪ್ಪನ ಜೊತೆ ಪಾಲಿನ ಹೊಲವಿತ್ತು, ಹೊಟ್ಟೆಗೆ ಅದು ಸಾಕಾಗುತ್ತಿತ್ತು. ಅಪ್ಪನ ಜೀವ ಇದ್ದದ್ದು ಪದ ಕಟ್ಟುವುದರಲ್ಲಿ. ಮೊದಮೊದಲು ಪೇಟೆಯ ಪುಸ್ತಕದಂಗಡಿಯ ಸಾಹುಕಾರರೊಬ್ಬರು ಅಪ್ಪನ ಪದಗಳನ್ನು ಅಚ್ಚು ಹಾಕಿಸಿ ಮಾರುತ್ತಿದ್ದರಂತೆ. ಒಂದು ಸಲ ಪುಸ್ತಕ ಬಂದಾಗ ಅಪ್ಪ ಜಗಲಿಯ ಮೇಲೆ ಕೂತು ಓದಿದವನು ದಿಗಿಲು ಬಿದ್ದವನ ಹಾಗೆ ಒಳಗೆ ಬಂದನಂತೆ. ಪದದ ಕೊನೆಯೇ ಬೇರೆಯಾಗಿತ್ತು! ಗಂಡನ ಮನೆಯಲ್ಲಿ ಕಷ್ಟಪಡುವ ಹೆಣ್ಣಿನ ಪದ, ಅಪ್ಪ ಅವಳನ್ನು ತೌರಿಗೆ ಹೊರಡಿಸಿದ್ದ. ಅಂಗಡಿಯವರು ಅವಳಿಂದ ಗಂಡನ ಕಾಲು ಹಿಡಿಸಿದ್ದರು. ಹಾಗಿದ್ದರೆ ಮದುವೆ ಮನೆಯವರು ಕೊಳ್ಳುತ್ತಾರಂತೆ. ಅಪ್ಪ ಅಂಗಡಿಗೆ ಹೋಗಿ ರಂಪ ಮಾಡಿ ಬಂದ. ನಾನು ಹುಟ್ಟುವ ಮೊದಲಿನ ಆ ಜಗಳವನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ ನಾನೇ ಪಕ್ಕದಲ್ಲಿ ನಿಂತು ನೋಡಿದ ಹಾಗೆ ನನಗೆ ನೆನಪಿದೆ.

"ನನ್ ಪದದ ಕೊನೇನ ಬೇರೆಯೋನು ತಿದ್ತಾನಾ? ಕೇಳ್ದೆ ಮಾಡ್ದೆ? ಇವತ್ತಿಂದ ನನ್ ಪದ ನಾನೇ ಅಚ್ಚಾಕುಸ್ತೀನಿ, ನಾನೇ ಮಾರ್ತೀನಿ. ಇನ್ನೊಬ್ಬರ ಕೈ ಇದರ ಮೇಲೆ ಬೀಳ್ಬಾರ್ದು."

ಅಪ್ಪ ಹಟವಾದಿ. ಅಂದಂತೆಯೇ ಮಾಡಿದ. ಕೈಯಿಂದ ಕೈಗೆ ಮಾರಲು ಒಂದು ಉಪಾಯವನ್ನೂ ಹುಡುಕಿದ. ಬಸ್ಸು ಹೊರಡುವ ಮೊದಲು ಹತ್ತಿ ಪದ ಹೇಳುವುದು, ಜನ ಕಿವಿಗೊಟ್ಟು ಕೂತಾಗ ಅರ್ಧಕ್ಕೆ ನಿಲ್ಲಿಸುವುದು. ಮುಂದಿನದು ಪುಸ್ತಕದಲ್ಲಿ. ಪುಸ್ತಕವೂ ಹಾಗೇ ಇತ್ತು. ಎಲ್ಲ ಪದಗಳ ಮೊದಲರ್ಧ ಮುಂದಿನ ಹಾಳೆಗಳಲ್ಲಿ, ಉಳಿದರ್ಧ ಹಿಂದಿನ ಹಾಳೆಗಳಲ್ಲಿ. ಹಿಂದಿನ ಹಾಳೆಗಳ ಅಂಚಿಗೆ ಸುತ್ತಲೂ ಹೊಲಿಗೆ. ಅಪ್ಪ ಚಿಕ್ಕ ವಯಸ್ಸಿನಲ್ಲಿ ಬದನವಾಳಿನ ಖಾದಿ ಕೇಂದ್ರದಲ್ಲಿ ನೂತವನು, ಅಲ್ಲಿನ ಗೆಳೆಯರಿಂದ ದಾರ ತರುತ್ತಿದ್ದ. ಅವ್ವ ಆ ದಾರದಲ್ಲಿ ಹೊಲಿಯುತ್ತಿದ್ದಳು. ಕೊಂಡವರು ಹೊಲಿಗೆ ಬಿಚ್ಚಿ ಓದಬೇಕು. ಬಿಚ್ಚಿದ ಪುಸ್ತಕ ಮಾರಲು ಬರುವುದಿಲ್ಲವಾದ್ದರಿಂದ ನಾನೂ ಬಿಚ್ಚುತ್ತಿರಲಿಲ್ಲ. ಮಿಠಾಯಿ ಅಂಗಡಿಯವರ ಮಕ್ಕಳು ಮಿಠಾಯಿಗೆ ಆಸೆ ಪಡದ ಹಾಗೆ ನನಗೂ ಆಸೆ ಹುಟ್ಟುತ್ತಿರಲಿಲ್ಲ. ಮನೆಯಲ್ಲಿ ಹೊಸ ಪದ ಹಾಡುವಂತಿರಲಿಲ್ಲ, ನೆರೆಯವರು ಕದ್ದು ಕಲಿತುಬಿಡುತ್ತಾರೆ ಎಂದು ಅಪ್ಪನಿಗೆ ಅನುಮಾನ. ಬೆಳಿಗ್ಗೆ ಹೊಳೆದಂಡೆಗೆ ಕರೆದುಕೊಂಡು ಹೋಗಿ ಹೇಳಿಕೊಡುತ್ತಿದ್ದ. ಅದೂ ಅರ್ಧವೇ. ಪೂರ್ತಿ ಬಂದರೆ ಯಾರಾದರೂ ಮುದುಕಿ ಗಲ್ಲ ಸವರಿ ಕೇಳಿದಾಗ ಹೇಳಿಬಿಡುತ್ತೇನೆ ಎಂಬ ಭಯ. ಹೀಗೆ ನನಗೆ ಮೂವತ್ತೋ ನಲವತ್ತೋ ಪದಗಳ ಮೊದಲರ್ಧ ಬಾಯಿಗೆ ಬರುತ್ತಿತ್ತು. ಒಂದರ ಕೊನೆಯೂ ಗೊತ್ತಿರಲಿಲ್ಲ. ಶಾಲೆಯಲ್ಲಿ ನನ್ನನ್ನು ಅರ್ಧಪದ ಎಂದೇ ಕರೆಯುತ್ತಿದ್ದರು. ನನಗೆ ಅದು ಹೆಮ್ಮೆ. ಇಡೀ ಬಸ್ಸು ನನ್ನ ಬಾಯಿ ನೋಡುತ್ತಾ ಕೂರುತ್ತಿತ್ತಲ್ಲ!

ಅವ್ವನಿಗೆ ಈ ವ್ಯಾಪಾರ ಸರಿಬರುತ್ತಿರಲಿಲ್ಲ. ಅವಳ ತೌರಿನಲ್ಲಿ ಒಂದು ರೂಢಿ. ರಾಗಿ ಬೀಸುವ ಕಲ್ಲಿಗೆ ಕೂತು ಪದ ಎತ್ತಿದರೆ ಅದು ಮುಗಿಯುವ ತನಕ ಕಲ್ಲಿನ ಗೂಟದಿಂದ ಕೈ ತೆಗೆಯಬಾರದು. ಒಲೆಯ ಮೇಲೆ ಹಾಲು ಉಕ್ಕಿದರೂ, ಬಾಗಿಲಲ್ಲಿ ನೆಂಟರು ನಿಂತರೂ ಅಷ್ಟೆ. ಎತ್ತಿದ ಪದ ಮುಗಿಸದೆ ಎದ್ದವಳ ಹಿಟ್ಟಿನಲ್ಲಿ ಮುದ್ದೆ ಕೂಡುವುದಿಲ್ಲ ಎಂದು ಅವಳ ಅವ್ವ ಹೇಳುತ್ತಿದ್ದಳಂತೆ. ನಮ್ಮ ಮನೆಯಲ್ಲೂ ಅವಳು ಹಾಗೇ ನಡೆದುಕೊಂಡಳು. ಆದರೆ ಅವಳು ಕಲ್ಲಿಗೆ ಕೂರುತ್ತಿದ್ದದ್ದು ನಾನು ಶಾಲೆಗೆ ಹೋದ ಮೇಲೆ. ಅವ್ವನ ಪದವನ್ನು ನಾನು ಕೇಳಿಯೇ ಇರಲಿಲ್ಲ.

"ಎತ್ತಿದ್ ಪದಾನ ಎತ್ತಿದ್ ಕೂಸ್ನಂಗೆ ಅರ್ಧದಾರೀಲಿ ಕೆಳಕ್ಕಾಕ್ತೀರಲ್ಲ, ನಿಮ್ಗೆ ಎಂಗೆ ಮನ್ಸ್ ಬತ್ತದೆ?" ಎನ್ನುತ್ತಿದ್ದಳು, ಹೊಲಿಯುತ್ತಲೇ.

"ಕೂಸ್ನ ಕೆಳಕ್ಕಾಕ್ತಾ ಇಲ್ಲ ಕಣೆ, ಕೊಂಡೋರ್ ಕೈಗೆ ಕೊಡ್ತಾ ಇವ್ನಿ," ಎನ್ನುತ್ತಿದ್ದ ಅಪ್ಪ. ಮಾತಿನಲ್ಲಿ ಅವನನ್ನು ಗೆಲ್ಲಲು ಆಗುತ್ತಿರಲಿಲ್ಲ.

ಆ ವರ್ಷ ಮಾವು ಬಿಡುವ ಕಾಲಕ್ಕೆ ಅಪ್ಪ ಒಂದು ಹೊಸ ಪದ ಹೇಳಿಕೊಟ್ಟ. ತೊಟ್ಟಿಲ ಪದ. ಯಾವಾಗಲೂ ಕೈ ಬೀಸಿ ಹೇಳಿಕೊಡುವವನು ಅವತ್ತು ನೀರಿನ ಕಡೆ ಮುಖ ಮಾಡಿಕೊಂಡೇ ಹೇಳಿಕೊಟ್ಟ.

ಕೊಂಡೀಗೆ ತೊಟ್ಟೀಲು ನಾ ಕಟ್ಟಿ ತೂಗೀನಿ
ಮೀಯಾಕೆ ನೀರ ಕಾಸೀನಿ, ಕಂದವ್ವ
ಏಳವ್ವ ಅಂತ ಕರೆದೀನಿ

ಇಷ್ಟು ಹೇಳಿ, ಆಮೇಲೆ ಮೂರು ಸಲ ಏಳವ್ವ, ಏಳವ್ವ, ಏಳವ್ವ ಎಂದು ಒಂದಕ್ಕಿಂತ ಒಂದು ಎತ್ತರದಲ್ಲಿ ಕರೆದು, ಮೂರನೆಯದಕ್ಕೆ ನಿಲ್ಲಿಸಬೇಕು. ನಾನು ಅದನ್ನು ನಗುನಗುತ್ತಾ ಹಾಡುತ್ತಿದ್ದೆ. ತೊಟ್ಟಿಲ ಪದ ಅಲ್ಲವೇ, ಕೈಯನ್ನೂ ತೂಗುತ್ತಿದ್ದೆ. ಬಸ್ಸಿನ ಹೆಂಗಸರು ಒದ್ದಾಡಿಬಿಡುತ್ತಿದ್ದರು. ಎದ್ದಿತಾ ಮಗಾ, ಕೂಸು ಎದ್ದಿತಾ ಎಂದು ಕೇಳುತ್ತಿದ್ದರು. ಪುಸ್ತಕದಲ್ಲಿ ಅದೆ ಕಣಮ್ಮೋ ಎಂದು ನಾನು ಕುಣಿಯುತ್ತಿದ್ದೆ. ಅಪ್ಪ ಹಿಂದಿನ ಬಾಗಿಲಿನಿಂದ ಪುಸ್ತಕ ಹಂಚುತ್ತಾ ಬರುತ್ತಿದ್ದ. ಅದರಷ್ಟು ಓಡಿದ ಪುಸ್ತಕ ನಮ್ಮ ಮನೆಯಿಂದ ಇನ್ನೊಂದು ಹೊರಟಿರಲಿಲ್ಲ.

ಅದು ಒಂದು ಶನಿವಾರ, ಬೆಳಗಿನ ಸ್ಕೂಲು ಮುಗಿಸಿಕೊಂಡು ನಾನು ನೇರ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ನರಸೀಪುರದ ಬಸ್ಸು ನಿಂತಿತ್ತು, ತುಂಬಿತ್ತು. ನಾನು ನಡುವೆ ನಿಂತು ತೊಟ್ಟಿಲ ಪದ ಎತ್ತಿದೆ. ನರಸೀಪುರದಲ್ಲಿ ನನ್ನ ಸೋದರಮಾವನ ಮಗಳಿಗೆ ಹೆರಿಗೆಯಾಯಿತೆಂದು ನಾನೂ ಅಪ್ಪನೂ ಮನೆಯಿಂದ ಹೊರಟ ಮೇಲೆ ಸುದ್ದಿ ಬಂದಿತ್ತು. ಅವ್ವ ಮನೆಗೆ ಬೀಗ ಹಾಕಿ, ತಲೆ ಮೇಲೆ ಸೆರಗು ಹೊದ್ದು, ಮುಂದಿನ ಸೀಟಿನಲ್ಲಿ ಬಂದು ಕೂತಿದ್ದಳು. ಇದು ನನಗೂ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ. ಏಳವ್ವ, ಏಳವ್ವ, ಏಳವ್ವ. ನಿಲ್ಲಿಸಿದೆ. ಬಾಯಿಯಲ್ಲಿ ನಗು ಹಾಗೇ ಇತ್ತು. ಮುಂದಿನ ಸೀಟಿನಿಂದ ಒಬ್ಬ ಹೆಂಗಸು ಎದ್ದು ಕಂಬಿ ಹಿಡಿದು ನಿಂತಳು. ಸೆರಗು ತಲೆಯಿಂದ ಜಾರಿತು. ನಮ್ಮವ್ವ! ಮನೆಯ ಹೊಸಿಲಿನಾಚೆ ದನಿ ಎತ್ತಿ ಒಂದು ಮಾತಾಡದ ನಮ್ಮವ್ವ, ನಾನು ನಿಲ್ಲಿಸಿದ ಎತ್ತರದಿಂದಲೇ ಪದವನ್ನು ತೆಗೆದುಕೊಂಡು ಮುಂದಕ್ಕೆ ಹಾಡಿದಳು.

ಮೂರ್ಸಾರಿ ಕರೆದಾರೂ ಮಗಳು ಓಗೊಡಲಿಲ್ಲ
ಕಾಸಿಟ್ಟ ನೀರು ತಣಿದೋಯ್ತು, ಕಂದವ್ವ
ಕೊಂಡೀಗೆ ಭಾರ ಇರಲಿಲ್ಲ

ಒಂದೇ ನುಡಿಯಲ್ಲ, ಇನ್ನೂ ಇತ್ತು. ತಗಡೂರಿನ ದಾರಿಯಲ್ಲಿ ತಂದ ಬೆಳ್ಳಿ ಉಡಿದಾರ, ಹಿತ್ತಿಲ ನುಗ್ಗೆ ಮರದ ಬುಡ, ಅಲ್ಲಿ ಅಗೆದ ಮಣ್ಣು. ಆ ಉಡಿದಾರ ನಮ್ಮ ಅಡುಗೆಮನೆಯ ಗೂಡಿನಲ್ಲಿತ್ತು. ನಾನು ಅದನ್ನು ಮುಟ್ಟಿ ಏಟು ತಿಂದಿದ್ದೆ. ಆ ನುಗ್ಗೆ ಮರದ ಕೆಳಗೆ ನನ್ನನ್ನು ಆಡಲು ಬಿಡುತ್ತಿರಲಿಲ್ಲ. ಅವ್ವ ಹಾಡುತ್ತಿದ್ದ ಮನೆ ನಮ್ಮ ಮನೆ. ಆ ಕೊಂಡಿ ನಮ್ಮ ಊಟದ ಜಾಗದ ಮೇಲಿನ ಕೊಂಡಿ. ನನಗಿಂತ ಮೊದಲು ಆ ಮನೆಯಲ್ಲಿ ಒಬ್ಬಳು ಇದ್ದಳು, ನನಗೆ ಅಕ್ಕ ಇದ್ದಳು! ಅದು ನನಗೆ ತಿಳಿದದ್ದು ತುಂಬಿದ ಬಸ್ಸಿನಲ್ಲಿ, ಬಾಯಿಯ ನಗು ಇಳಿಯುವ ಮೊದಲು. ಅಷ್ಟು ದಿನ ಎಷ್ಟು ಬಸ್ಸುಗಳಲ್ಲಿ ಕೈ ತೂಗಿ, ಕುಣಿದು, ಕೂಸು ಎದ್ದಿತೋ ಇಲ್ಲವೋ ಪುಸ್ತಕ ಕೊಂಡು ನೋಡಿ ಎಂದು ಕೂಗಿದ್ದೆನಲ್ಲ! ಅವ್ವ ಪದವನ್ನು ಮುಗಿಸಿದಳು. ಮುಗಿಸಿದ ಮೇಲೆಯೇ ಕಂಬಿಯಿಂದ ಕೈ ತೆಗೆದಳು. ಕಂಡಕ್ಟರು ಸೀಟಿ ಊದುವುದನ್ನು ಮರೆತು ನಿಂತಿದ್ದ. ಅವ್ವ ನನ್ನ ಕೈ ಹಿಡಿದು ಕೆಳಗಿಳಿದಳು. ಹಿಂದಿನ ಬಾಗಿಲಲ್ಲಿ ಅಪ್ಪ ಎದೆಗೆ ಪುಸ್ತಕ ಅವುಚಿಕೊಂಡು ನಿಂತಿದ್ದ. ಅವನ ಮುಖ ಸುಣ್ಣದ ಹಾಗಾಗಿತ್ತು.

ಮನೆಗೆ ಬಂದವಳು ಕೈ ಚಾಚಿ ಕೊಂಡಿಯಿಂದ ಕಟ್ಟನ್ನು ಇಳಿಸಿದಳು. ಅವಳ ಕೈ ಚೆನ್ನಾಗಿಯೇ ಎಟುಕಿತು. ಒಂದು ಪುಸ್ತಕ ತೆಗೆದು, ತಾನೇ ಹಾಕಿದ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಕಿತ್ತು, ನನ್ನ ಮುಂದೆ ಹಿಡಿದಳು. ಅವ್ವನಿಗೆ ಓದಲು ಬರುತ್ತಿರಲಿಲ್ಲ. ತನ್ನ ಪದ ಒಳಗಿರುವ ಪುಸ್ತಕವನ್ನು ಅವಳು ದಿನಾ ಸಂಜೆ ಕೂತು ಹೊಲಿದಿದ್ದಳು, ಒಳಗೆ ಏನಿದೆ ಎಂದು ತಿಳಿಯದೆ.

"ಓದು. ನಾ ಕಲ್ಲತ್ರ ಒಬ್ಳೇ ಯೋಳ್ಕೊಳೋ ಪದ ಇದು. ಗ್ವಾಡೆ ಆಚೆ ಕೂತ್ಕಂಡು ಬರ್ಕಂಡವ್ರೆ. ಕೊನೇಗೆ ಏನ್ ಬರ್ದವ್ರೆ, ಓದು."

ನಾನು ಹುಡುಕಿ ತೆಗೆದು ಓದಿದೆ. ಮೊದಲ ಸಲ ಒಂದು ಪದದ ಉಳಿದರ್ಧವನ್ನು ಓದಿದೆ.

ಮೂರನೇ ಕರೆಗೆ ಕಣ್ಬಿಟ್ಟು ನಕ್ಕಾಳು
ಕಾಸಿಟ್ಟ ನೀರ ಮಿಂದಾಳು, ಕಂದವ್ವ
ಬಾಗಿಲಿಗೆ ಬೆಳಕು ಬಂದೀತು

ಅವ್ವ ನನ್ನನ್ನೇ ನೋಡಿದಳು, ನಾನು ಸುಳ್ಳು ಓದುತ್ತಿದ್ದೇನೆ ಅನ್ನುವ ಹಾಗೆ. ಅಷ್ಟರಲ್ಲಿ ಅಪ್ಪ ಬಂದು ಬಾಗಿಲಲ್ಲಿ ನಿಂತ. ಒಳಗೆ ಕಾಲಿಡಲಿಲ್ಲ. ಅವ್ವ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

"ನನ್ ಪದದ ಮ್ಯಾಲೆ ಇನ್ನೊಬ್ಬರ ಕೈ ಬೀಳ್ಬಾರ್ದು ಅಂದೋರು ನೀವು. ಅಂಗಡಿಯೋನು ಕೊನೆ ತಿದ್ದುದ್ದ ಅಂತ ಇಷ್ಟ್ ವರ್ಸ ಆಡ್ಕೊಂಡ್ರಿ. ಈಗ ನೀವ್ ಮಾಡಿದ್ದೇನು? ನನ್ನ ಕೇಳುದ್ರಾ?"

ಅಪ್ಪ ತಲೆ ತಗ್ಗಿಸಿದ.

"ಕೇಳ್ಲಿಲ್ಲ."

"ಯಾಕ್ ಕೇಳ್ಲಿಲ್ಲ?"

"ಕೇಳುದ್ರೆ ನೀನು ಬ್ಯಾಡ ಅಂತಿದ್ದೆ. ಅಷ್ಟ್ ಚೆಂದದ ಪದ ಗ್ವಾಡೆ ಒಳಗೇ ಸಾಯ್ತದಲ್ಲ ಅಂತ ಆಸೆ ಬಿತ್ತು ಕಣೆ, ತಪ್ಪಾಯ್ತು. ನಿಂದನ್ನ ನೀ ಯೋಳ್ದಂಗೇ ಬರ್ಕಂಡೆ. ಆದ್ರೆ ಅಲ್ಲೀಗ್ ಬಂದಾಗ ನನ್ ಕೈಲಿ ಆಗ್ಲಿಲ್ಲ. ಮೂರ್ ಸಲ ಕರ್ದು ಏಳ್ಲಿಲ್ಲ ಅಂತ ನಾ ಎಂಗ್ ಬರೀಲಿ? ನನ್ಗೂ ಮಗ್ಳಲ್ವಾ? ನನ್ ಪುಸ್ತಕ್‌ದಲ್ಲಾದ್ರೂ ಏಳ್ಲಿ ಅಂತ ಬರ್ದೆ."

ಅಪ್ಪ ಅಳುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಆ ಕೊಂಡಿ ಬರಿದಾಗಿ ಕಣ್ಣಿಗೆ ಬೀಳಬಾರದು ಎಂದೇ ಪುಸ್ತಕದ ಕಟ್ಟು ನೇತುಹಾಕುತ್ತಿದ್ದೆ ಎಂದೂ ಹೇಳಿದ. ಗೆದ್ದಲೂ ಅಲ್ಲ, ಇಲಿಯೂ ಅಲ್ಲ. ಅವ್ವ ಎದ್ದು ಈಳಿಗೆಮಣೆ ತಂದು ಅಪ್ಪನ ಮುಂದಿಟ್ಟಳು.

"ಮೊದ್ಲರ್ಧ ನನ್ದು. ಅದ್ನ ಕಿತ್ತು ನಂಗ್ ಕೊಡಿ. ಕೊನೇದು ನಿಮ್ದು, ಅದ್ನ ನಾ ಕೇಳಕಿಲ್ಲ. ನೀವೇ ಮಾರ್ಕೊಳಿ."

ಎರಡು ದಿನ ಅಪ್ಪ ಕೂತು ಪ್ರತಿ ಪುಸ್ತಕದಿಂದಲೂ ಆ ಹಾಳೆಯನ್ನು ಈಳಿಗೆಯಲ್ಲಿ ಕುಯ್ದು ತೆಗೆದ. ಅವ್ವ ಹಾಳೆಗಳನ್ನು ಸೀರೆಯ ಪೆಟ್ಟಿಗೆಯ ತಳದಲ್ಲಿಟ್ಟಳು. ಉಳಿದ ಪುಸ್ತಕಗಳಲ್ಲಿ ತೊಟ್ಟಿಲ ಪದಕ್ಕೆ ತಲೆಯೇ ಇಲ್ಲದೆ, ಬರೀ ಕಣ್ಬಿಟ್ಟು ನಗುವ ಕೂಸು ಉಳಿಯಿತು. ಇದೇನು ಸಾ, ತಲೆ ಇಲ್ಲದ ಪದ ಮಾರ್ತೀರಿ ಎಂದು ಜನ ನಕ್ಕರೂ ಅಪ್ಪ ಅದನ್ನೇ ಮಾರಿದ. ಇನ್ನೊಂದು ತಲೆ ಕಟ್ಟಿ ಅಂಟಿಸುವುದು ಅವನಿಗೇನೂ ಕಷ್ಟವಿರಲಿಲ್ಲ, ಅವನು ಕಟ್ಟಲಿಲ್ಲ. ಬಸ್ಸಿನಲ್ಲಿ ಅರ್ಧ ಹಾಡುವುದನ್ನು ನಾವು ಅಲ್ಲಿಗೇ ಬಿಟ್ಟೆವು. ನಾನು ಒಂದೊಂದೇ ಹೊಲಿಗೆ ಬಿಚ್ಚಿ ಎಲ್ಲ ಪದಗಳ ಕೊನೆಯನ್ನೂ ಕಲಿತೆ. ಸಂತೆಯಲ್ಲಿ ಕೂತು ಪೂರ್ತಿ ಹಾಡುತ್ತಿದ್ದೆ, ಮನಸ್ಸು ಬಂದವರು ಪುಸ್ತಕ ಕೊಳ್ಳುತ್ತಿದ್ದರು. ಮೊದಲಿನಷ್ಟು ಹೋಗುತ್ತಿರಲಿಲ್ಲ.

ನನ್ನ ಹೆಸರು ಇನ್ನೂ ಹೇಳಲಿಲ್ಲ. ತಿಪ್ಪಮ್ಮ. ಶಾಲೆಯಲ್ಲಿ ಹಾಜರಿ ಕೂಗುವಾಗ ಎಲ್ಲರೂ ನಗುತ್ತಿದ್ದರು. ಚೆಂದದ ಹೆಸರು ಯಾಕೆ ಇಡಲಿಲ್ಲ ಎಂದು ಅತ್ತರೆ, ಹರಕೆ ಕಣೆ ಎನ್ನುತ್ತಿದ್ದಳು ಅವ್ವ. ಮೊದಲ ಕೂಸು ಹೋದ ಮನೆಯಲ್ಲಿ ಎರಡನೆಯದನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ಬಂದು, ಸಾವಿಗೂ ಬೇಡವಾಗಲಿ ಎಂದು ಈ ಹೆಸರಿಡುತ್ತಾರೆ. ನಮ್ಮ ಬೀದಿಯಲ್ಲಿ ಹಾಲಿನವಳಿಂದ ಹಿಡಿದು ಶಾಲೆಯ ಮೇಷ್ಟ್ರ ತನಕ ಎಲ್ಲರಿಗೂ ನನ್ನ ಹೆಸರು ಕೇಳಿದ ಕೂಡಲೇ ಸಂಗತಿ ಗೊತ್ತಾಗುತ್ತಿತ್ತು. ಗೊತ್ತಿಲ್ಲದಿದ್ದವಳು ನಾನೊಬ್ಬಳು. ಇವತ್ತಿಗೂ ಅದನ್ನು ನೆನೆದರೆ ನಾನು ದಂಗಾಗುತ್ತೇನೆ.

ಇದನ್ನೆಲ್ಲ ಕೇಳಿ ಚೈತ್ರ ಇಡ್ಲಿ ತಟ್ಟೆಯ ಮುಂದೆ ಬಾಯಿ ತೆರೆದುಕೊಂಡು ಕೂತುಬಿಟ್ಟಳು. ನಿನ್ನ ಹಾಡು ನೀನೇ ಮಾರಿಕೋ, ಯಾರಿಗೂ ಬರೆದುಕೊಡಬೇಡ, ಅದರಲ್ಲಿ ನಿಮ್ಮ ಮುತ್ತಜ್ಜ ಸರಿಯಾಗಿಯೇ ಇದ್ದ ಎಂದೆ. ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ಮಾತ್ರ ಮಾರುವವರಿಗೆ ಬಿಡಬೇಡ ಎಂದೆ. ಅವಳು ಫೋನನ್ನು ಮಗುಚಿಟ್ಟು ಕೇಳಿದಳು.

"ಮುತ್ತಜ್ಜಿ ಆಮೇಲೆ ಆ ಪದ ಹಾಡಿದ್ರಾ ಅಜ್ಜಿ?"

ಹಾಡಿದಳು. ರಾಗಿಕಲ್ಲಿನ ಮುಂದೆ, ಅಲ್ಲಿಂದಾಚೆ ನಾನು ಮನೆಯಲ್ಲಿದ್ದಾಗಲೂ, ಕೊನೆಯ ತನಕ, ತಾನು ಕಟ್ಟಿದ ಹಾಗೆಯೇ. ಒಂದು ಅಕ್ಷರ ಬದಲಿಸಲಿಲ್ಲ. ಪದ ಮುಗಿಸಿ, ಗೂಟದಿಂದ ಕೈ ತೆಗೆದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಅಪ್ಪ ಮನೆಯಲ್ಲಿಲ್ಲ ಎಂಬುದನ್ನು ಬಾಗಿಲಿಗೆ ಬಂದು ನೋಡಿ ಖಾತ್ರಿ ಮಾಡಿಕೊಂಡು, ನನ್ನನ್ನು ಹತ್ತಿರ ಕರೆಯುತ್ತಿದ್ದಳು. ಕೇಳಕಿಲ್ಲ ಎಂದಿದ್ದ ಆ ತಲೆಯಿಲ್ಲದ ಪುಸ್ತಕವೊಂದು ಹಿಟ್ಟಿನ ಮೊರದ ಕೆಳಗಿರುತ್ತಿತ್ತು. ನಾನು ಓದುತ್ತಿದ್ದೆ. ಮೂರನೇ ಕರೆಗೆ ಕಣ್ಬಿಟ್ಟು ನಕ್ಕಾಳು. ಅವ್ವ ಕಣ್ಣು ಮುಚ್ಚಿ ಕೇಳುತ್ತಿದ್ದಳು.

"ಇನ್ನೊಂದ್ ಸಲ ಓದು ಮಗಾ."